ಕೆಂಪುಗೋಟು ಯಾರೆಂದು ಅವರಿಗೆ ಹೇಳಿದಿರಾ?

ಶಿರಸಿಯಿಂದ ಬಂದ ಈ ಪತ್ರ ನಾಲ್ಕು ಪುಟದ್ದು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ್ದರಿಂದ ಸಾರವನ್ನಷ್ಟೇ ಕೊಡುತ್ತೇನೆ. ಬರೆದವರು ಪ್ರತಿ ಭಾನುವಾರ ಮಧ್ಯಾಹ್ನ ತಮ್ಮ ಮನೆಯ ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ, ಐವರು ಸ್ನೇಹಿತರನ್ನು ಕೂರಿಸಿಕೊಂಡು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಡಿಸುತ್ತಾರೆ. ನಾಲ್ಕು ವರ್ಷವಾಯಿತು. ಕಥೆ ನಡೆಸುವ ಡಂಜನ್ ಮಾಸ್ಟರ್ ಇವರೇ; ಉಳಿದವರಿಗೆ ಒಂದೊಂದು ಪಾತ್ರ, ಒಬ್ಬ ಕತ್ತಿಯ ವೀರ, ಒಬ್ಬಳು ಮಂತ್ರಗಾತಿ, ಒಬ್ಬ ಕಳ್ಳ, ಹೀಗೆ. ಈ ವರ್ಷ ಕಾರವಾರದಿಂದ ವರ್ಗವಾಗಿ ಬಂದ ಗೆಳತಿಯೊಬ್ಬರು ಸೇರಿಕೊಂಡರು. ಐದು ಭಾನುವಾರ ಬಂದರು. ಆರನೆಯದಕ್ಕೆ ಕೆಲಸವಿದೆ ಎಂದರು, ಆಮೇಲೆ ಬರಲಿಲ್ಲ. ಅದಕ್ಕೂ ಮುಂಚೆ ಒಮ್ಮೆ ಮೆಟ್ಟಿಲಿಳಿಯುತ್ತ ಹೇಳಿದ್ದರಂತೆ: ‘ನೀವೆಲ್ಲ ನಕ್ಕ ಮೇಲೆ ನಾನೂ ನಗುತ್ತೇನೆ, ಯಾಕೆಂದು ಗೊತ್ತಿರುವುದಿಲ್ಲ.’ ಪತ್ರದ ಪ್ರಶ್ನೆ ಇದು: ನಮ್ಮ ಗುಂಪಿನ ಹಳೆಯ ತಮಾಷೆಗಳನ್ನೆಲ್ಲ ನಿಲ್ಲಿಸಿಬಿಡಬೇಕೇ?

ಪ್ರಿಯರೇ,

ನಿಲ್ಲಿಸಬೇಡಿ. ಆದರೆ ಆ ಗೆಳತಿ ಮೆಟ್ಟಿಲಿಳಿಯುತ್ತ ಹೇಳಿದ ಮಾತನ್ನು ನೀವು ಪತ್ರದ ಮೂರನೆಯ ಪುಟಕ್ಕೆ ತಳ್ಳಿದ್ದೀರಿ. ನನ್ನ ಮಟ್ಟಿಗೆ ಪತ್ರ ಶುರುವಾಗುವುದೇ ಅಲ್ಲಿಂದ.

ಈ ಆಟ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು 1974ರಲ್ಲಿ ಇದನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತು, ಬಾಯಿಮಾತಿನಲ್ಲೇ ಒಂದು ಸಾಹಸದ ಕಥೆಯನ್ನು ಕಟ್ಟುವ ಆಟ. ಉತ್ತರ ಕನ್ನಡದವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ನಮ್ಮಲ್ಲಿ ಯಕ್ಷಗಾನದ ತಾಳಮದ್ದಳೆ ಇದೆ. ವೇಷವಿಲ್ಲ, ಕುಣಿತವಿಲ್ಲ, ಹಾಡಿ ಕಥೆ ನಡೆಸುವ ಭಾಗವತರ ಪದ, ಪಾತ್ರಗಳಾಗಿ ಎದುರುಬದುರು ಕುಳಿತ ಅರ್ಥಧಾರಿಗಳು, ಅಲ್ಲೇ ಹುಟ್ಟುವ ಮಾತು. ವ್ಯತ್ಯಾಸ ಇಷ್ಟೇ: ಕರ್ಣನಿಗೆ ಕೊನೆಗೆ ಏನಾಗುತ್ತದೆ ಎಂದು ಜಗಲಿಯಲ್ಲಿ ಕುಳಿತವರಿಗೆಲ್ಲ ಗೊತ್ತು, ನಿಮ್ಮ ಮೆತ್ತಿನ ಮೇಲೆ ಅದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

ನಗು ಹುಟ್ಟುವುದೂ ಆ ದಾಳದಿಂದಲೇ. ಮಾಮೂಲಿ ಎರಡು ದಾಳಗಳನ್ನು ಕೂಡಿಸಿ ಎಣಿಸಿದರೆ ನಡುವಿನ ಸಂಖ್ಯೆಗಳೇ ಹೆಚ್ಚು ಬೀಳುತ್ತವೆ. ಆರು ಮುಖದ ಎರಡು ದಾಳಗಳಲ್ಲಿ 7 ಬೀಳುವ ಸಾಧ್ಯತೆ 36ರಲ್ಲಿ 6, 2 ಬೀಳುವುದು 36ರಲ್ಲಿ 1 ಮಾತ್ರ. ಇಪ್ಪತ್ತು ಮುಖದ ಒಂಟಿ ದಾಳಕ್ಕೆ ಆ ಸಂಕೋಚವಿಲ್ಲ. 10 ಎಷ್ಟು ಸಲವೋ ಎಲ್ಲಕ್ಕಿಂತ ಕೆಟ್ಟ 1ಕ್ಕೂ ಅಷ್ಟೇ, ಎಲ್ಲಕ್ಕಿಂತ ಒಳ್ಳೆಯ 20ಕ್ಕೂ ಅಷ್ಟೇ. ಒಂದು ಮಧ್ಯಾಹ್ನ ಐವರು ತಲಾ ಹನ್ನೆರಡು ಸಲ ಎಸೆದರೆ ಸರಾಸರಿ ಮೂರು ಸಲ 1 ಬೀಳುತ್ತದೆ. ಅಂದರೆ ಮೂರು ಸಲ ಯಾರೋ ಒಬ್ಬ ಮಹಾವೀರ ಎಡವಿ ಬೀಳುತ್ತಾನೆ, ಅದೂ ದೊಡ್ಡ ಮಾತಾಡಿದ ಮರುಕ್ಷಣವೇ. ಹೀಗಿರುವಾಗ ನಗಬೇಡಿ ಎನ್ನುವುದು ಆಟ ಆಡಬೇಡಿ ಎಂದಂತೆ.

ಇನ್ನು ನಿಮ್ಮ ಕೆಂಪುಗೋಟುವಿನ ವಿಷಯ. ಪತ್ರದ ಆ ಭಾಗವನ್ನು ನಾನು ಎರಡು ಸಲ ಓದಿದೆ. ಮೊದಲ ದಿನ ಆಟಗಾರರು ಕೋಟೆಬಾಗಿಲಿನ ಕಾವಲುಗಾರನ ಹೆಸರು ಕೇಳಿದರು, ನಿಮಗೆ ಹೊಳೆಯಲಿಲ್ಲ, ಪಕ್ಕದಲ್ಲಿದ್ದ ಪತ್ರಿಕೆಯ ಅಡಿಕೆ ಧಾರಣೆಯ ಮೇಲೆ ಕಣ್ಣು ಬಿತ್ತು, ಅಲ್ಲಿದ್ದ ಅಡಿಕೆಯ ಒಂದು ಬಗೆಯ ಹೆಸರನ್ನೇ ಎತ್ತಿ ‘ಕೆಂಪುಗೋಟು’ ಎಂದುಬಿಟ್ಟಿರಿ. ಅಲ್ಲಿಂದ ಆ ರಾಜ್ಯವೆಲ್ಲ ಧಾರಣೆಪಟ್ಟಿಯಾಯಿತು. ರಾಜ ರಾಶಿ, ಬಿಳಿಗಡ್ಡದ ಪುರೋಹಿತ ಚಾಲಿ, ಕುಬ್ಜರ ನಾಯಕ ತಟ್ಟಿಬೆಟ್ಟೆ, ಯಾರೂ ನಂಬದ ವ್ಯಾಪಾರಿ ಕೋಕಾ. ಚಾಲಿಗೆ ಬಿಳಿಗಡ್ಡ ಕೊಟ್ಟದ್ದು ಎಂಥ ಒಳ್ಳೆಯ ಯೋಚನೆ! ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ ಸುಲಿದರೆ ಬಿಳಿ ಚಾಲಿ, ಹಸಿ ಅಡಿಕೆಯನ್ನು ಸುಲಿದು ಬೇಯಿಸಿದರೆ ಕೆಂಪು ರಾಶಿ ಎಂದು ಕಂಡು ಬೆಳೆದವರಿಗೆ ಆ ಗಡ್ಡ ಕೂಡಲೇ ಕಣ್ಣಿಗೆ ಕಟ್ಟುತ್ತದೆ.

ತೊಡಕಿರುವುದೂ ಇಲ್ಲೇ. ನಿಮ್ಮ ಗೆಳತಿ ಕಾರವಾರದವರು. ಅವರ ಮನೆಯ ಬೆಳಗು ಅಡಿಕೆ ಧಾರಣೆ ನೋಡಿ ಶುರುವಾಗಿರಲಿಕ್ಕಿಲ್ಲ. ಅವರಿಗೆ ಆ ಬಾಗಿಲಿಗೆ ಎರಡು ಬೀಗ: ಮೊದಲ ದಿನ ಅವರು ಅಲ್ಲಿರಲಿಲ್ಲ, ಕೆಂಪುಗೋಟು ಎಂದರೇನೆಂದೂ ತಿಳಿಯದು. ಐದು ಭಾನುವಾರಗಳಲ್ಲಿ ನಿಮ್ಮ ಆರು ಮಂದಿಯಲ್ಲಿ ಒಬ್ಬರಾದರೂ ಅವರ ಕಡೆ ತಿರುಗಿ ‘ಇದು ಹೀಗಾಯಿತು’ ಎಂದು ಹೇಳಿದ್ದರ ಸುಳಿವು ನಾಲ್ಕು ಪುಟಗಳಲ್ಲಿ ಎಲ್ಲೂ ಇಲ್ಲ.

ನಮ್ಮ ಮನೆಯ ಜಗಲಿಯಲ್ಲಿ ನಾನು ಚಿಕ್ಕವನಿದ್ದಾಗ ಶ್ರಾವಣದಲ್ಲಿ ತಾಳಮದ್ದಳೆ ಆಗುತ್ತಿತ್ತು. ಒಂದು ವರ್ಷ ಕೃಷ್ಣಸಂಧಾನ. ವಿದುರನ ಮನೆಯಲ್ಲಿ ಕೃಷ್ಣ ಕುಡಿತೆ ಹಾಲಿಗೆ ಕೈಯೊಡ್ಡುವ ಸಂದರ್ಭ. ವಿದುರನಾಗಿದ್ದವರು ಊರಿಗೆಲ್ಲ ಹಾಲು ಕೊಡುತ್ತಿದ್ದವರು. ಭಕ್ತಿಯ ಭರದಲ್ಲಿ ‘ಸ್ವಾಮೀ, ನಿನ್ನೆಯ ಹಾಲಾದರೂ ಸ್ವೀಕರಿಸು’ ಎಂದುಬಿಟ್ಟರು. ಜಗಲಿ ಅರೆಗಳಿಗೆ ಸ್ತಬ್ಧವಾಯಿತು, ಆಮೇಲೆ ಮಾಡು ಹಾರುವಂತೆ ನಕ್ಕಿತು. ಮರುವರ್ಷದಿಂದ ಆ ಪ್ರಸಂಗ ಬಂದಾಗಲೆಲ್ಲ ಕೃಷ್ಣ ಕೇಳಲೇಬೇಕು: ‘ವಿದುರಾ, ಹಾಲು ಇಂದಿನದೇ ತಾನೇ?’ ಕೇಳದಿದ್ದರೆ ಹೆಂಗಸರು ಒಳಗಿನಿಂದ ಕೆಮ್ಮುತ್ತಿದ್ದರು.

ಒಂದು ವರ್ಷ ಧಾರವಾಡ ಕಡೆಯ ಹೊಸ ಅಳಿಯ ಬಂದು ಕಂಬಕ್ಕೆ ಒರಗಿ ಕುಳಿತಿದ್ದರು. ಕೃಷ್ಣ ಆ ಪ್ರಶ್ನೆ ಕೇಳಿದ, ಎಲ್ಲರೂ ನಕ್ಕರು, ಅಳಿಯ ಸುತ್ತಲೂ ನೋಡಿದರು. ಆಗ ನನ್ನ ಅಜ್ಜಿ ಕವಳದ ಹರಿವಾಣವನ್ನು ಪಕ್ಕಕ್ಕಿಟ್ಟು, ಮೆಲ್ಲನೆ ಸರಿದು ಅವರ ಕಿವಿಯಲ್ಲಿ ಇಡೀ ಕಥೆ ಹೇಳಿದಳು. ಭಾಗವತರು ಅದನ್ನು ಕಂಡರು. ಮುಂದಿನ ಪದ ಎತ್ತಲಿಲ್ಲ. ಅಜ್ಜಿ ಮುಗಿಸುವವರೆಗೆ ಶ್ರುತಿಯನ್ನಷ್ಟೇ ಹಿಡಿದು ಕುಳಿತರು. ಅಳಿಯ ನಕ್ಕರು, ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಗಟ್ಟಿಯಾಗಿ. ಮಾರನೆಯ ವರ್ಷ ಕೃಷ್ಣ ಬಾಯಿ ತೆರೆಯುವಷ್ಟರಲ್ಲಿ ಕಂಬದ ಕಡೆಯಿಂದಲೇ ದನಿ ಬಂತು: ‘ಇಂದಿನದೇ ಸ್ವಾಮೀ, ನಾನೇ ಕರೆದದ್ದು.’ ಆ ರಾತ್ರಿಯಿಂದ ಅವರನ್ನು ಯಾರೂ ಹೊಸ ಅಳಿಯ ಎನ್ನಲಿಲ್ಲ.

ನಾನು ನಿಮ್ಮಿಂದ ಬಯಸುವುದು ಆ ಅಜ್ಜಿಯ ಕೆಲಸವನ್ನು, ಭಾಗವತರ ಕೆಲಸವನ್ನೂ. ನಡೆಸುವವರು ನೀವೇ ಆದ್ದರಿಂದ ಎರಡೂ ನಿಮ್ಮವೇ. ನಿಮ್ಮ ಆಟದ ಲೋಕದಲ್ಲೇ ಇದಕ್ಕೆ ಸಾಕ್ಷಿ ಇದೆ. ‘ಗೆಜಿಬೋ’ ಎಂದರೆ ತೋಟದ ಮಂಟಪ. ಆ ಪದ ತಿಳಿಯದ ಒಬ್ಬ ಆಟಗಾರ ಅದನ್ನು ಯಾವುದೋ ರಾಕ್ಷಸ ಎಂದುಕೊಂಡು ಕೂಗಿ ಕರೆದ, ಬಾಣ ಬಿಟ್ಟ. ನಡೆಸುವವನು ಬೇಸತ್ತು, ಮಂಟಪ ಎದ್ದು ಬಂದು ನಿನ್ನನ್ನು ನುಂಗಿತು ಎಂದ. ದಶಕಗಳಿಂದ, ಆ ಮೇಜನ್ನೇ ಕಾಣದ ಜನ ಇದಕ್ಕೆ ನಗುತ್ತಿದ್ದಾರೆ. ‘ಗೆಜಿಬೋ’ ಎಂಬ ಪದವನ್ನಷ್ಟೇ ದಾಟಿಸಿದ್ದರೆ ಅದು ಆ ಕೋಣೆಯಲ್ಲೇ ಸಾಯುತ್ತಿತ್ತು. ಹೇಳುವವರು ಪ್ರತಿ ಸಲವೂ ಕಥೆಯನ್ನು ಮೊದಲಿನಿಂದ ಹೇಳಿದರು.

ಹೇಳಿದರಷ್ಟೇ ಸಾಲದು, ಸೇರಿಸಲು ಅವರಿಗೆ ಜಾಗ ಬೇಕು. ನಿಮ್ಮ ಕಥೆಯಲ್ಲಿ ಈವರೆಗೆ ಸಮುದ್ರ ಬಂದಿಲ್ಲ ಎಂದು ಬರೆದಿದ್ದೀರಿ. ತನ್ನಿ. ಆ ಬಂದರಿನ ಜನರಿಗೆಲ್ಲ ಹೆಸರಿಡುವ ಅಧಿಕಾರವನ್ನು ಆ ಗೆಳತಿಗೆ ಬಿಟ್ಟುಕೊಡಿ. ನೌಕಾಪತಿ ಇಶ್ವಾಣ, ಅವನ ಹಿಂದೆ ಗುಂಪುಗುಂಪಾಗಿ ತಾರ್ಲೆ ಸೈನಿಕರು, ಕೈಗೆ ಸಿಗದೆ ನುಣುಚಿಕೊಳ್ಳುವ ನೊಗಲಿ ಎಂಬ ಗೂಢಚಾರಿಣಿ. ಎಲ್ಲವೂ ಮೀನಿನ ಹೆಸರೇ, ನನಗೆ ಹೊಳೆದದ್ದನ್ನು ಹೇಳಿದೆ. ಕಾರವಾರದ ಮೀನುಪೇಟೆ ಕಂಡವರು ಇದಕ್ಕಿಂತ ಚೆನ್ನಾಗಿ ಇಡುತ್ತಾರೆ. ಆಗ ಶಿರಸಿಯವರು ಆರೂ ಮಂದಿ ಒಮ್ಮೆ ತಡವಾಗಿ ನಗಲಿ.

ನೀವು ಎರಡೇ ಸಾಲಿನಲ್ಲಿ ದಾಟಿಸಿದ ಇನ್ನೊಂದು ತಮಾಷೆ ನನ್ನನ್ನು ಹೆಚ್ಚು ಕಾಡಿತು. ಕಳ್ಳನ ಪಾತ್ರದ ಸ್ನೇಹಿತ ಎರಡನೆಯ ತಿಂಗಳಲ್ಲೇ ಗೋಡೆ ಹತ್ತಲು ಹೋಗಿ ಮೂರು ಸಲ ಸಾಲಾಗಿ 1 ಎಸೆದರಂತೆ. 8,000ದಲ್ಲಿ ಒಂದು ಸಲ ನಡೆಯುವ ಸಂಗತಿ, ನಕ್ಕದ್ದು ಸರಿ. ಅಂದಿನಿಂದ ಗೋಡೆ ಎದುರಾದಾಗಲೆಲ್ಲ ‘ಅವನಿಗೆ ಏಣಿ ತನ್ನಿ’ ಎನ್ನುತ್ತೀರಿ. ‘ಅವನೂ ನಗುತ್ತಾನೆ’ ಎಂದು ಬರೆದಿದ್ದೀರಿ. ಒಂದು ಪ್ರಶ್ನೆ: ಕಳೆದ ಒಂದು ವರ್ಷದಲ್ಲಿ ಅವರು ಎಷ್ಟು ಸಲ ಗೋಡೆ ಹತ್ತಿದ್ದಾರೆ? ಹತ್ತುವುದೇ ಕಳ್ಳನ ಕಸುಬು. ಅವರು ಹತ್ತುವುದನ್ನೇ ಬಿಟ್ಟಿದ್ದರೆ ನಾಲ್ಕು ವರ್ಷದ ಆ ನಗು ಅವರ ಪಾತ್ರದ ಕಾಲು ಮುರಿದಿದೆ. ನಿಯಮವೂ ಅವರ ಕಡೆಗಿದೆ. 2014ರ ಐದನೆಯ ಆವೃತ್ತಿಯಲ್ಲಿ ದಾಳಿಯ ಎಸೆತಕ್ಕೆ 1 ಬಿದ್ದರೆ ತಾನಾಗಿ ತಪ್ಪಿದಂತೆ. ಗೋಡೆ ಹತ್ತುವಂಥ ಪರೀಕ್ಷೆಗೆ ಆ ಕಟ್ಟಳೆ ಇಲ್ಲ. ಅವರ ಕೌಶಲದ ಅಂಕ ಕೂಡಿಸಿದ ಮೇಲೆ ಸಾಲದೆ ಬಂದರೆ ಮಾತ್ರ ಸೋಲು. ಎಷ್ಟೋ ಗುಂಪುಗಳು ಎಲ್ಲ ಎಸೆತಕ್ಕೂ 1 ಎಂದರೆ ಬಿದ್ದಂತೆ ಎಂದೇ ಆಡುತ್ತವೆ, ನೀವೂ ಹಾಗೆಯೇ ಆಡಿದ್ದೀರಿ. ಅವರನ್ನು ಒಬ್ಬರೇ ಇರುವಾಗ ಕೇಳಿ, ಗುಂಪಿನಲ್ಲಿ ಅಲ್ಲ. ಗುಂಪಿನಲ್ಲಿ ಕೇಳಿದರೆ ಅವರು ನಗುತ್ತಾರೆ, ಅಷ್ಟೇ.

ಕೆಂಪುಗೋಟುವಿನ ನಗು ಆರು ಮಂದಿಯದು, ಏಣಿಯ ನಗು ಐದು ಮಂದಿಯದು. ಮೊದಲನೆಯದನ್ನು ಬೆಳೆಸಿ, ಎರಡನೆಯದನ್ನು ಇಂದೇ ಬಿಡಿ.

ಚೀಲದ ದಾಳದ ಬಗ್ಗೆಯೂ ಕೇಳಿದ್ದೀರಿ. ಮೆತ್ತಿನ ಹಲಗೆಯ ಸಂದಿಯಿಂದ ಜಾರಿ, ಕೆಳಗಿದ್ದ ಅಡಿಕೆ ಚೀಲಕ್ಕೆ ಬಿದ್ದ ಆ ಕೆಂಪು ದಾಳ. ಬಿದ್ದ ಸದ್ದು ಕೇಳಿತು, ಎಷ್ಟು ಬಿತ್ತೆಂದು ಯಾರಿಗೂ ಕಾಣಲಿಲ್ಲ, ಕೈ ಹಾಕಿ ಹುಡುಕಿದರೆ ಅಡಿಕೆಯೇ ಅಡಿಕೆ. ಅಂದಿನಿಂದ ಸೋತವರೆಲ್ಲ ‘ಚೀಲದಲ್ಲಿ ಇಪ್ಪತ್ತು ಬಿದ್ದಿದೆ’ ಎನ್ನುತ್ತಾರೆ. ಕತ್ತಿಯ ವೀರ ಸಾಯುವಾಗಲೂ ಯಾರೋ ಹಾಗೆಂದು ದೃಶ್ಯ ಕೆಟ್ಟಿತು ಎಂದು ನಿಮಗೆ ನೋವಾಗಿದೆ. ನನಗೆ ಹಾಗನ್ನಿಸುವುದಿಲ್ಲ. ಸ್ನೇಹಿತ ಸಾಯುತ್ತಿರುವಾಗ, ಎಲ್ಲೋ ಒಂದು ಚೀಲದಲ್ಲಿ ನಿನಗೆ ಇಪ್ಪತ್ತು ಬಿದ್ದಿದೆ ಎಂದವರು ಬದುಕಲಿ ಎಂದು ಹಂಬಲಿಸಿದ್ದರು. ನೀವು ಅರೆಗಳಿಗೆ ಶ್ರುತಿ ಹಿಡಿದು ಕೂತಿದ್ದರೆ ಆ ಮಾತಿಗೇ ಕಣ್ಣು ತುಂಬುತ್ತಿತ್ತು.

ಕೆಂಪುಗೋಟುವಿಗೂ ಅಂಥದೊಂದು ದಿನ ಬರಲಿ. ನಾಲ್ಕು ವರ್ಷದಿಂದ ಹೆಸರು ಕೇಳಿ ನಕ್ಕವರ ಎದುರು ಅವನು ಒಬ್ಬನೇ ಬಾಗಿಲು ಕಾಯಲಿ.

ಅದಕ್ಕೆ ಮೊದಲು ಗೆಳತಿಗೆ ಫೋನ್ ಮಾಡಿ. ಕ್ಷಮೆಯ ದೀರ್ಘ ಮಾತು ಬೇಡ, ಕೆಂಪುಗೋಟುವಿನ ಕಥೆಯನ್ನು ಧಾರಣೆಪಟ್ಟಿಯಿಂದ ಶುರುಮಾಡಿ ಹೇಳಿ, ಬಂದರಿಗೆ ಹೆಸರುಗಳು ಬೇಕಾಗಿವೆ ಎಂದು ಕೇಳಿ. ಮೊದಲ ಹಡಗಿಗೆ ಅವರು ಇಟ್ಟ ಹೆಸರೇನೆಂದು ನನಗೆ ಬರೆಯಿರಿ. ಕಳ್ಳ ಗೋಡೆ ಹತ್ತಿದ ಸುದ್ದಿಯನ್ನೂ.

— ಸಂಪಾದಕ