ಸರಕಾರಿ ಹೈಸ್ಕೂಲ್ ಶಿಕ್ಷಕ, 22 ವರ್ಷ ಸೇವೆ ಆಗಿದೆ. ರಾಜೀನಾಮೆ ಕೊಟ್ಟು ವಿಧಾನ ಪರಿಷತ್ತಿಗೆ ನಿಲ್ಲಲೇ? ಪಕ್ಷದ ಟಿಕೆಟೋ, ಪಕ್ಷೇತರವೋ?

ನೀವು ಬರೆದದ್ದು ಇಷ್ಟು: ಉಡುಪಿ ಜಿಲ್ಲೆ, ನೈರುತ್ಯ ಶಿಕ್ಷಕರ ಕ್ಷೇತ್ರ (ಶಿಕ್ಷಕರಷ್ಟೇ ಓಟು ಹಾಕುವ ಪರಿಷತ್ ಕ್ಷೇತ್ರ), 2030ರ ಚುನಾವಣೆ, ಶಿಕ್ಷಕರ ಕ್ಷೇತ್ರದಲ್ಲಿ ಶಿಕ್ಷಕನೇ ಗೆಲ್ಲಬೇಕೆಂಬ ನಂಬಿಕೆ, ಕಣ್ಣೆದುರಿಗೆ ಮಾದರಿಯಾಗಿ ಮೇಷ್ಟ್ರಾಗಿದ್ದು ಪರಿಷತ್ತಿಗೆ ಎಂಟು ಸಲ ಗೆದ್ದ ಬಸವರಾಜ ಹೊರಟ್ಟಿಯವರು. ನಿಮ್ಮ ಪ್ರಶ್ನೆ ಓದುವಾಗ ನನ್ನ ಹಳೆಯ ಡೈರಿಯನ್ನೇ ಯಾರೋ ಗಟ್ಟಿಯಾಗಿ ಓದಿದ ಹಾಗಾಯಿತು ಮಾಸ್ಟ್ರೇ. ನಾನೂ ನಿವೃತ್ತನಾದ ಮೇಲೆ ಪಕ್ಷೇತರನಾಗಿ ನಿಂತು ಸೋತವನು. ಟಿಕೆಟಿನ ವಿಷಯ ಆಮೇಲೆ ಮಾತಾಡೋಣ. ನಾನು ಸೋತದ್ದು ಒಂದು ರೆಕ್ಸಿನ್ ಚೀಲದಿಂದ, ಅದನ್ನು ಮೊದಲು ಕೇಳಿ.

ಆ ಚೀಲದಲ್ಲಿ 412 ಅರ್ಜಿಗಳಿದ್ದವು, ಎಲ್ಲವೂ ನಮೂನೆ 19. ಶಿಕ್ಷಕರ ಕ್ಷೇತ್ರದ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ ಅದು (ಪದವೀಧರರದ್ದು ನಮೂನೆ 18, ಎಷ್ಟೋ ಜನ ಅದನ್ನೇ ತುಂಬಿಸಿ ಕೊಟ್ಟಿರುತ್ತಾರೆ). ವಿಧಾನಸಭೆಯ ಪಟ್ಟಿಯ ಹಾಗೆ ಇದು ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಪಟ್ಟಿಯಲ್ಲ. ಪ್ರತಿ ಚುನಾವಣೆಗೂ ಹೊಸದಾಗಿ ಬರೆಯುತ್ತಾರೆ. ಕಳೆದ ಸಲ ಓಟು ಹಾಕಿದವರೂ ಮತ್ತೆ ಅರ್ಜಿ ಕೊಡಬೇಕು. ಇಷ್ಟು ನನಗೆ ಗೊತ್ತಿತ್ತು. ಹಾಗಾಗಿ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಅಕ್ಟೋಬರ್ ಇಡೀ ಕುಂದಾಪುರ, ಕಾರ್ಕಳದ ಹೈಸ್ಕೂಲು, ಪಿಯು ಕಾಲೇಜು ಸುತ್ತಿದೆ. ಫೋಟೊ ನಾವೇ ಅಂಟಿಸಿದೆವು, ಜೆರಾಕ್ಸ್ ನಾವೇ ತೆಗೆಸಿದೆವು. ನವೆಂಬರ್ 5ರಂದು ಎಲ್ಲವನ್ನೂ ತಾಲೂಕು ಕಚೇರಿಯ ಮೇಜಿನ ಮೇಲೆ ಇಟ್ಟೆ. ಗುಮಾಸ್ತರು ಚೀಲ ಬಿಚ್ಚಲೇ ಇಲ್ಲ. "ಒಬ್ಬರು ಕಟ್ಟು ಕಟ್ಟಿ ತಂದದ್ದನ್ನು ತೆಗೆದುಕೊಳ್ಳುವ ಹಾಗಿಲ್ಲ ಸರ್" ಎಂದರು.

ಅವರು ಹೇಳಿದ್ದು ಸರಿಯೇ. ಚುನಾವಣಾ ಆಯೋಗದ ಸೂಚನೆ ಸ್ಪಷ್ಟವಾಗಿ ಉಂಟು: ಅರ್ಜಿಯನ್ನು ಅವರವರೇ ಕೊಡಬೇಕು. ಒಂದು ಮನೆಯ ಒಬ್ಬರು ಮನೆಯವರದ್ದನ್ನು ಕೊಡಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮಲ್ಲಿನ ಅರ್ಹ ಸಿಬ್ಬಂದಿಯ ಅರ್ಜಿಗಳನ್ನು ಒಟ್ಟಿಗೆ ಕಳುಹಿಸಬಹುದು. ಪಕ್ಷ, ಸಂಘ, ಅಭ್ಯರ್ಥಿ, ಅಭ್ಯರ್ಥಿಯ ಭಾವ ಇವರ್ಯಾರೂ ಕಟ್ಟು ತರುವ ಹಾಗಿಲ್ಲ. ನಾನು ಆ 412ನ್ನು ಶಾಲೆಗಳಲ್ಲೇ ಬಿಟ್ಟು, ಆಯಾ ಹೆಡ್‌ಮಾಸ್ಟರ ಒಂದು ಪುಟದ ಪತ್ರದ ಜೊತೆ ಅಲ್ಲಿಂದಲೇ ಕಳುಹಿಸಿದ್ದರೆ ಅಷ್ಟೂ ನಿಲ್ಲುತ್ತಿದ್ದವು. ಓಡಾಟವೂ ಇರಲಿಲ್ಲ. ಆದರೆ ಅರ್ಜಿ ನನ್ನ ಕೈಯಲ್ಲಿದ್ದರೆ ಓಟೂ ನನ್ನ ಕೈಯಲ್ಲಿ ಎಂಬ ಭ್ರಮೆ ನನಗೆ. ಮರುದಿನ, ನವೆಂಬರ್ 6, ಕೊನೆಯ ದಿನ. ಮೂರು ಬೈಕಿನಲ್ಲಿ ಶಾಲೆ ಶಾಲೆಗೆ ವಾಪಸ್ ಕೊಟ್ಟು ಬರುವಷ್ಟರಲ್ಲಿ ಸಂಜೆಯಾಯಿತು.

ತಪ್ಪಿನ ಬಾಲ ಇನ್ನೂ ಉಂಟು. ನವೆಂಬರ್ 6 ದಾಟಿತು, ಬಾಗಿಲು ಮುಚ್ಚಿತು ಎಂದು ನಾನು ಕೈಚೆಲ್ಲಿ ಕೂತೆ. ಅದು ಕರಡು ಪಟ್ಟಿಗೆ ಮಾತ್ರ ಗಡುವು. ಸಾಮಾನ್ಯವಾಗಿ ನವೆಂಬರ್ 23ಕ್ಕೆ ಕರಡು ಬರುತ್ತದೆ, ಅಲ್ಲಿಂದ ಡಿಸೆಂಬರ್ 9ರವರೆಗೆ ಹಕ್ಕು-ಆಕ್ಷೇಪಣೆಗೆ ಅವಕಾಶ, ಡಿಸೆಂಬರ್ 30ಕ್ಕೆ ಅಂತಿಮ ಪಟ್ಟಿ. ಅದಾದ ಮೇಲೂ ನಾಮಪತ್ರದ ಗಡುವಿಗೆ ಕೆಲವು ದಿನ ಮೊದಲಿನವರೆಗೆ ಹೆಸರು ಸೇರಿಸಬಹುದು. ಬಿಟ್ಟುಹೋದವರಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಇಡೀ ಕ್ಷೇತ್ರದಲ್ಲಿ ಇರುವುದೇ ಇಪ್ಪತ್ತು ಚಿಲ್ಲರೆ ಸಾವಿರ ಮತ, ಅದರಲ್ಲಿ ನಮ್ಮದೇ ಎನ್ನಬಹುದಾದ ನೂರಾರನ್ನು ನಾನೇ ಕಳೆದೆ.

ಈಗ ನಿಮ್ಮ ಲೆಕ್ಕ. 2030ರ ಮಧ್ಯದಲ್ಲಿ ಚುನಾವಣೆ ಎಂದರೆ ಪಟ್ಟಿಯ ಅರ್ಹತಾ ದಿನಾಂಕ 2029ರ ನವೆಂಬರ್ 1. ಅದರ ಹಿಂದಿನ ಆರು ವರ್ಷದಲ್ಲಿ ಒಟ್ಟು ಮೂರು ವರ್ಷ ಪಾಠ ಮಾಡಿರಬೇಕು, ಹೈಸ್ಕೂಲು ಮತ್ತು ಅದಕ್ಕಿಂತ ಮೇಲೆ. ಮೂರು ವರ್ಷ ಒಂದೇ ಕಡೆ ಆಗಬೇಕಿಲ್ಲ. ಖಾಸಗಿ ಕಾಲೇಜುಗಳಲ್ಲಿ ಎರಡು ವರ್ಷಕ್ಕೊಮ್ಮೆ ಕೆಲಸ ಬದಲಿಸಿದವರು ಎರಡೂ ಕಡೆಯ ಮುಖ್ಯಸ್ಥರಿಂದ ಪ್ರಮಾಣಪತ್ರ ತಂದರಾಯಿತು. ಅಂಥವರೇ ಅರ್ಜಿ ಕೊಡದೆ ಉಳಿಯುವುದು, ಹಳೆಯ ಸಂಸ್ಥೆಗೆ ಹೋಗಿ ಸೀಲು ಕೇಳಲು ಮುಜುಗರ. ನಿವೃತ್ತರನ್ನೂ ಮರೆಯಬೇಡಿ. 2026ರ ಅಕ್ಟೋಬರ್ ಕೊನೆಗೆ ನಿವೃತ್ತರಾದವರಿಗೂ ಸರಿಯಾಗಿ ಮೂರು ವರ್ಷ ಸಿಗುತ್ತದೆ, ಸೆಪ್ಟೆಂಬರ್ ಕೊನೆಯವರಿಗೆ ಒಂದು ತಿಂಗಳು ಕಮ್ಮಿ. ಪ್ರೈಮರಿಯವರಿಗೆ ಓಟಿಲ್ಲ. ಸಂವಿಧಾನದ 171ನೇ ವಿಧಿಯಲ್ಲೇ ಹಾಗಿದೆ, ಅವರ ಸಿಟ್ಟು ನ್ಯಾಯವಾದದ್ದೇ, ಆದರೆ ಅವರ ಮನೆ ಬಾಗಿಲಿಗೆ ಹೋಗಿ ಸಮಯ ಕಳೆಯಬೇಡಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಸಿಕ್ಕು. ಹೆಸರು ಸೇರುವುದು ಮನೆ ಇರುವ ಕಡೆ, ಶಾಲೆ ಇರುವ ಕಡೆ ಅಲ್ಲ. ಕೇರಳದ ಮಂಜೇಶ್ವರದಲ್ಲಿ ಮನೆ ಮಾಡಿ ದಿನಾ ತಲಪಾಡಿ ದಾಟಿ ಮಂಗಳೂರಿಗೆ ಬರುವ ಟೀಚರಿಗೆ ಇಲ್ಲಿ ಓಟಿಲ್ಲ. ಭಟ್ಕಳದಿಂದ ಬೈಂದೂರಿಗೆ ಬರುವವರ ಓಟು ಪಶ್ಚಿಮ ಶಿಕ್ಷಕರ ಕ್ಷೇತ್ರಕ್ಕೆ, ಅಂದರೆ ಹೊರಟ್ಟಿಯವರದ್ದಕ್ಕೆ! ನಾನು ಬೈಂದೂರು ಕಡೆ ಕಾಫಿ ಕುಡಿಸಿ ಕೈಮುಗಿದವರಲ್ಲಿ ಆರು ಜನ ಅಂಥವರು.

ರಾಜೀನಾಮೆ ಎಂಬ ಶಬ್ದವನ್ನೇ ಬಿಟ್ಟುಬಿಡಿ. ಸರಕಾರಿ ಹುದ್ದೆ ಲಾಭದಾಯಕ ಹುದ್ದೆ, 191ನೇ ವಿಧಿಯ ಪ್ರಕಾರ ಅನರ್ಹತೆ. ಬಿಡಲೇಬೇಕು, ಅದು ಹೌದು. ಆದರೆ ರಾಜೀನಾಮೆ ಕೊಟ್ಟರೆ ಹಿಂದಿನ 22 ವರ್ಷ ಪಿಂಚಣಿಗೆ ಲೆಕ್ಕಕ್ಕೇ ಬರುವುದಿಲ್ಲ. ಸ್ವಯಂ ನಿವೃತ್ತಿ ತೆಗೆದುಕೊಂಡರೆ ಬರುತ್ತದೆ, ನೀವು 2006ರ ಏಪ್ರಿಲ್‌ಗೆ ಮೊದಲು ಸೇರಿದವರಾದ್ದರಿಂದ ಹಳೆಯ ಪಿಂಚಣಿಯೇ. ಮೂರು ತಿಂಗಳ ನೋಟಿಸು ಕೊಡಬೇಕು, ಅಂಗೀಕಾರದ ಆದೇಶ ಕೈಗೆ ಬಂದಿರಬೇಕು, ನಾಮಪತ್ರ ಪರಿಶೀಲನೆಯ ದಿನ "ಅರ್ಜಿ ಕೊಟ್ಟಿದ್ದೇನೆ" ಎಂದರೆ ನಡೆಯುವುದಿಲ್ಲ. ಆದೇಶ ಬರುವವರೆಗೆ ನಿಮಗಾಗಲಿ ಇನ್ನೊಬ್ಬರಿಗಾಗಲಿ ಓಟು ಕೇಳಬೇಡಿ, ನಡತೆ ನಿಯಮಕ್ಕೆ ಸಿಕ್ಕಿಬೀಳುತ್ತೀರಿ. ಸಹೋದ್ಯೋಗಿಗಳಿಗೆ ನಮೂನೆ 19 ತುಂಬಿಸಿ ಎಂದು ನೆನಪಿಸುವುದು ಓಟು ಕೇಳಿದ ಹಾಗಲ್ಲ.

ಇನ್ನು ನಿಮ್ಮ ಮುಖ್ಯ ನಂಬಿಕೆ: ಶಿಕ್ಷಕರ ಕ್ಷೇತ್ರ, ಶಿಕ್ಷಕನೇ ಗೆಲ್ಲಬೇಕು. ಕಾನೂನಿನಲ್ಲಿ ಹಾಗಿಲ್ಲ. ಮತದಾರ ಶಿಕ್ಷಕ ಆಗಿರಬೇಕು. ಅಭ್ಯರ್ಥಿಗೆ 30 ವರ್ಷವಾಗಿ, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ನಮ್ಮ ಕ್ಷೇತ್ರವನ್ನು ಸೇನೆಯಿಂದ ಬಂದ ಕ್ಯಾಪ್ಟನ್ ಗಣೇಶ್ ಕಾರ್ಣಿಕ್ ಪ್ರತಿನಿಧಿಸಿದ್ದರು. ಅವರ ನಂತರ 2018ರಲ್ಲೂ 2024ರಲ್ಲೂ ಎಸ್.ಎಲ್. ಭೋಜೇಗೌಡರು ಗೆದ್ದರು. "ನಾನೂ ನಿಮ್ಮವನೇ, ಚಾಕ್ ಹಿಡಿದವನು" ಎಂಬ ಮಾತು ಸ್ಟಾಫ್ ರೂಮಿನಲ್ಲಿ ಚಪ್ಪಾಳೆ ತರುತ್ತದೆ, ಅಷ್ಟೇ.

ಹೊರಟ್ಟಿಯವರು ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಕರಾಗಿದ್ದವರು, ನಿಜ. 1980ರಿಂದ 2022ರವರೆಗೆ ಎಂಟು ಸಲ ಒಂದೇ ಕ್ಷೇತ್ರದಿಂದ ಗೆದ್ದದ್ದು, ಮಂತ್ರಿಯಾದದ್ದು, ಸಭಾಪತಿಯಾದದ್ದು ಎಲ್ಲವೂ ನಿಜ. ಎಂಟನೆಯದು ಪಕ್ಷ ಬದಲಿಸಿದ ಮೇಲೂ ಗೆದ್ದದ್ದು, ಅದನ್ನು ಗಮನಿಸಿ. ಪರಿಷತ್ತು ವಿಸರ್ಜನೆ ಆಗುವ ಸದನವಲ್ಲ, ಗೆದ್ದರೆ ಆರು ವರ್ಷ ಗಟ್ಟಿ. ರಾಜ್ಯ ವಿಧಾನಸಭೆಗೆ 1983ರಲ್ಲಿ ಒಮ್ಮೆ, 1985ರಲ್ಲಿ ಇನ್ನೊಮ್ಮೆ ಚುನಾವಣೆ ಆದಾಗ ಅವರು ನಿಶ್ಚಿಂತೆಯಿಂದ 1986ರವರೆಗೆ ಕೂತಿದ್ದರು. ಆ ಆರು ವರ್ಷದಲ್ಲಿ ಬಡ್ತಿ, ವರ್ಗಾವಣೆ, ವೇತನಾನುದಾನ, ಪಿಂಚಣಿ ಎಂದು ಒಬ್ಬೊಬ್ಬ ಮೇಷ್ಟ್ರ ಫೈಲು ಹಿಡಿದು ಇಲಾಖೆಯ ಮೆಟ್ಟಿಲು ಹತ್ತುವ ಶಾಸಕನನ್ನು ಇಷ್ಟು ಸಣ್ಣ ಮತದಾರ ವರ್ಗ ಮರೆಯುವುದಿಲ್ಲ. ನನ್ನ ಅಭಿಪ್ರಾಯ ಇದು, ಒಪ್ಪದವರು ಇರಬಹುದು.

ಪಕ್ಷವೋ ಪಕ್ಷೇತರವೋ? ಪಕ್ಷ. ಠೇವಣಿ ಬರೇ 10,000 ರೂಪಾಯಿ, ಸೂಚಕರು ಹತ್ತು ಜನ ಸಾಕು, ಹಾಗಾಗಿ ನಿಲ್ಲುವುದು ಸುಲಭ. ಆದರೆ ವಿಧಾನಸಭೆಗೆ ಇರುವ 40 ಲಕ್ಷದ ವೆಚ್ಚದ ಮಿತಿ ಪರಿಷತ್ತಿಗೆ ಇಲ್ಲವೇ ಇಲ್ಲ. ಸುಳ್ಯದಿಂದ ಮಡಿಕೇರಿ, ಅಲ್ಲಿಂದ ಚಿಕ್ಕಮಗಳೂರು, ಶಿವಮೊಗ್ಗ, ದಾವಣಗೆರೆಯ ಹೊನ್ನಾಳಿ-ಚನ್ನಗಿರಿವರೆಗೆ ಘಾಟಿ ಹತ್ತಿ ಇಳಿಯುವುದು ಒಬ್ಬನ ಪಿಂಚಣಿಯಲ್ಲಿ ಆಗುವ ಕೆಲಸವಲ್ಲ ಮಾರಾಯ್ರೆ.

ನಿಂತರೆ ಎಣಿಕೆಯ ಗಣಿತ ತಿಳಿದುಕೊಳ್ಳಿ. ಇಲ್ಲಿ ಮತದಾರರು ಅಭ್ಯರ್ಥಿಗಳ ಹೆಸರಿನ ಎದುರು 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಗೆಲ್ಲಲು ಎಷ್ಟು ಬೇಕು ಎಂದರೆ, ಕ್ರಮಬದ್ಧ ಮತವನ್ನು ಎರಡರಿಂದ ಭಾಗಿಸಿ ಒಂದು ಕೂಡಿಸಿ. 18,000 ಇದ್ದರೆ 9,001. ಮೊದಲ ಪ್ರಾಶಸ್ತ್ಯದಲ್ಲೇ ಯಾರೂ ಅಷ್ಟು ಮುಟ್ಟದಿದ್ದರೆ ಎಲ್ಲರಿಗಿಂತ ಕೆಳಗಿನವರನ್ನು ತೆಗೆದು ಅವರ ಚೀಟಿಗಳಲ್ಲಿನ ಎರಡನೇ ಪ್ರಾಶಸ್ತ್ಯ ನೋಡುತ್ತಾರೆ. ಹಾಗಾಗಿ ಎರಡನೇ ಪ್ರಾಶಸ್ತ್ಯ ಬೇಡಬೇಕಾದದ್ದು ಸಣ್ಣ ಅಭ್ಯರ್ಥಿಗಳ ಕಡೆಯವರಲ್ಲಿ. ನಿಮ್ಮ ದೊಡ್ಡ ಎದುರಾಳಿ ಕೊನೆಯವರೆಗೆ ಕಣದಲ್ಲಿದ್ದರೆ ಅವರ ಚೀಟಿಯ ಎರಡನೇ ಹೆಸರನ್ನು ಯಾರೂ ನೋಡುವುದೇ ಇಲ್ಲ.

ಮತಗಟ್ಟೆಯಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಲ್ಲೇ ಬರೆಯಬೇಕು, ಅಂಕಿಯಲ್ಲೇ ಬರೆಯಬೇಕು. 1 ಆದೀತು, ೧ ಆದೀತು, "ಒಂದು" ಎಂದು ಅಕ್ಷರದಲ್ಲಿ ಬರೆದರೆ ಅಸಿಂಧು. ಮೈಸೂರಿನ ಎಣಿಕೆ ಮೇಜಿನಲ್ಲಿ ನನ್ನ ಹೆಸರಿನ ಎದುರು ಚಂದದ ಒಂದು ರೈಟ್ ಗುರುತು ಹಾಕಿ, ಕೆಳಗೆ ಉತ್ತರ ಪತ್ರಿಕೆಗೆ ಹಾಕುವ ಹಾಗೆ ಸಣ್ಣ ಸಹಿ ಮಾಡಿದ ಚೀಟಿಯನ್ನು ಅಧಿಕಾರಿ ಎತ್ತಿ ತೋರಿಸಿ ತಿರಸ್ಕೃತದ ಕಟ್ಟಿಗೆ ಹಾಕಿದರು. ಗಣಿತದವರ ಕೈಬರಹದ ಹಾಗೆ ಕಂಡಿತು.