ನಿಮ್ಮ ಸ್ವರ್ಗ ಯಾರಿಗೆ ಬೇಕಾಗಿದೆ?

ಪ್ರಿಯರೇ, ನಮಸ್ಕಾರ.

ನಿಮ್ಮ ಕತೆ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ಸಮಾಧಾನವಾಗಿ ಓದಬಹುದು. ದೇವರು, ಯಮ, ಸ್ವರ್ಗ ಇರುವ ಕತೆಗಳು ನಮಗೆ ಆಗಾಗ ಬರುತ್ತವೆ. ತೊಂದರೆಯೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಉತ್ತರವನ್ನು ಈ ಅಂಕಣದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ.

ಉಳಿದ ಓದುಗರಿಗೆ ಕತೆ ಇಷ್ಟು. ಮುಳಬಾಗಿಲು ಕಡೆಯ ಒಬ್ಬ ಟೊಮೆಟೊ ಬೆಳೆಗಾರ, ಊರಿಗೆಲ್ಲ ‘ದೊಡ್ಡಪ್ಪ’. ರಾತ್ರಿ ಕರೆಂಟ್ ಬಂತೆಂದು ಮೋಟರ್ ಹಾಕಲು ಹೋಗಿ, ಸ್ಟಾರ್ಟರ್ ಡಬ್ಬದಲ್ಲಿ ಶಾಕ್ ಹೊಡೆದು ಸಾಯುತ್ತಾನೆ. ಯಮದೂತರು ಬರುತ್ತಾರೆ, ಯಮಲೋಕದ ದಾರಿಯ ವೈತರಣಿ ನದಿ ದಾಟಿಸುತ್ತಾರೆ. ಚಿತ್ರಗುಪ್ತ ಲ್ಯಾಪ್‌ಟಾಪ್ ತೆರೆದು ಪಾಪದ ಲೆಕ್ಕ ಓದುತ್ತಾನೆ. ಬಾಕ್ಸಿನ ತಳಕ್ಕೆ ಕೊಳೆತ ಹಣ್ಣು, ಮೇಲೆ ಒಳ್ಳೇ ಹಣ್ಣು ಹಾಕಿ ಮಂಡಿಗೆ ಕಳಿಸಿದ್ದೇ ದೊಡ್ಡ ಪಾಪ. ಇನ್ನೇನು ನರಕ ಅನ್ನುವಾಗ ಕೋಲಾರದ ದೇವತೆ ಕೋಲಾರಮ್ಮ ಪ್ರತ್ಯಕ್ಷಳಾಗಿ ಬುದ್ಧಿ ಹೇಳಿ ಸ್ವರ್ಗಕ್ಕೆ ಕಳಿಸುತ್ತಾಳೆ.

ಮೊದಲ ಎರಡು ಪುಟ ನನಗೆ ಇಷ್ಟವಾದವು. ಕೋಲಾರದ ಎಪಿಎಂಸಿಯ ಹರಾಜು, 15 ಕೆಜಿ ಬಾಕ್ಸಿನ ರೇಟು ಕೂಗುತ್ತಿದ್ದ ಹಾಗೇ ಇಳಿಯುವುದು, ಬಾಡಿಗೆ ಟೆಂಪೊದವನ ಮುಖ ನೋಡಲಾಗದೆ ದೊಡ್ಡಪ್ಪ ಟೀ ಅಂಗಡಿ ಕಡೆ ಸರಿಯುವುದು. ಇದನ್ನೆಲ್ಲ ನೀವು ಕಂಡಿದ್ದೀರಿ. ಆಮೇಲೆ ದೊಡ್ಡಪ್ಪ ಸಾಯುತ್ತಾನೆ, ಅವನ ಜೊತೆ ನಿಮ್ಮ ಕಣ್ಣೂ ಮುಚ್ಚಿಹೋಗುತ್ತದೆ. ಅಲ್ಲಿಂದಾಚೆ ಒಂಬತ್ತು ಪುಟ ನೀವು ಕಂಡದ್ದಲ್ಲ, ಟೀವಿಯಲ್ಲಿ ಬಂದದ್ದು. ಬಿಳಿ ಮೋಡ, ಹೊಗೆ, ತಾನಾಗಿ ತೆರೆಯುವ ಬೆಳಕಿನ ಬಾಗಿಲು. ಕಂಪ್ಯೂಟರ್ ಹಿಡಿದ ಚಿತ್ರಗುಪ್ತನನ್ನು ಸಿನಿಮಾದವರು, ಹಾಸ್ಯ ನಾಟಕದವರು ಹಿಂಡಿ ಒಣಗಿಸಿದ್ದಾರೆ. ಅದರಲ್ಲಿ ಇನ್ನು ನಗು ಉಳಿದಿಲ್ಲ.

ನಿಮ್ಮ ಯಮ ‘ಎಲೈ ಮಾನವಾ’ ಅಂತ ಶುರು ಮಾಡುತ್ತಾನಲ್ಲ, ಅದು ನಮ್ಮ ಕಡೆಯ ಪೌರಾಣಿಕ ನಾಟಕದ ಮಾತು. ತುಮಕೂರು, ಕೋಲಾರದ ಹಳ್ಳಿಗಳಲ್ಲಿ ರಾತ್ರಿಯಿಡೀ ‘ಕುರುಕ್ಷೇತ್ರ’ ನೋಡಿದವರಿಗೆ ಆ ದನಿ ಗೊತ್ತು. ಅಲ್ಲಿ ಅದು ಚೆನ್ನ. ಹಿಂದೆ ಹಾರ್ಮೋನಿಯಂ ಇರುತ್ತದೆ, ಪಾತ್ರ ಮಾಡಿದವನು ನಮ್ಮೂರ ಅಂಗಡಿಯವನೇ ಆಗಿರುತ್ತಾನೆ. ಕಾಗದದ ಮೇಲೆ ಹಾರ್ಮೋನಿಯಂ ಇಲ್ಲ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮ ಸ್ವರ್ಗ ಯಾರಿಗೆ ಬೇಕಾಗಿದೆ? ದೊಡ್ಡಪ್ಪ ಬದುಕಿರುವಾಗ ಒಂದು ಸಲವೂ ಅದನ್ನು ನೆನೆಸಿಲ್ಲ. ಅವನಿಗೆ ಬೇಕಾದ್ದು ಬಾಕ್ಸಿಗೆ ಇನ್ನೂರು ರೂಪಾಯಿ. ಅವನ ಹೆಂಡತಿ, ಮಗಳು ಅವನು ಎಲ್ಲಿ ಹೋದ ಅಂತ ಯೋಚಿಸಿದ್ದು ಕತೆಯಲ್ಲಿಲ್ಲ. ಯಾರಿಗೂ ಬೇಡದ ಸ್ವರ್ಗವನ್ನು ಎಷ್ಟು ಚಿನ್ನ ಬಳಿದು ಬರೆದರೂ ಅದು ಮದುವೆ ಛತ್ರದ ಸೆಟ್ಟಿಂಗ್ ಆಗುತ್ತದೆ, ಅಷ್ಟೇ. ಪರಲೋಕದ ಚಿತ್ರಕ್ಕೆ ಜೀವ ಬರುವುದು ಇಲ್ಲಿ ಉಳಿದವರಿಂದ.

ಸುಮ್ನೆ ಹೇಳುತ್ತಿಲ್ಲ. ನಿಮ್ಮ ಜಿಲ್ಲೆಯ ವೀರಗಲ್ಲುಗಳನ್ನೇ ನೋಡಿ, ಕಾದಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು. ಆಗ ಚಿಕ್ಕಬಳ್ಳಾಪುರವೂ ಅದರೊಳಗೇ ಇತ್ತು, ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದರಲ್ಲಿ ಕದ್ದೊಯ್ದ ದನ ಬಿಡಿಸಲು ಹೋಗಿ ಸತ್ತವರ ಕಲ್ಲುಗಳು ಬೇಕಾದಷ್ಟು ಸಿಗುತ್ತವೆ. ಸಾಮಾನ್ಯವಾಗಿ ಇಂಥ ಕಲ್ಲಿನಲ್ಲಿ ಮೂರು ಹಂತ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನ ಎರಡೂ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ಅಷ್ಟರಲ್ಲಿ ಸ್ವರ್ಗ ಮುಗಿಯಿತು. ಮೋಡ ಇಲ್ಲ, ಬಾಗಿಲಿಲ್ಲ. ಬರಹವೂ ಹಾಗೇ: ಇಂಥವನು ದನ ಮರಳಿಸಿ ಸತ್ತ, ಇಂಥವರು ಈ ಕಲ್ಲು ನಿಲ್ಲಿಸಿದರು, ಇಷ್ಟು ಭೂಮಿ ಕೊಟ್ಟರು. ಸತ್ತವನ ಮನೆಯವರಿಗೆ ಕೊಡುವ ಆ ಭೂಮಿಗೆ ನೆತ್ತರುಗೊಡಗೆ ಅನ್ನುತ್ತಿದ್ದರು.

ಆ ಸಣ್ಣ ಸ್ವರ್ಗವನ್ನು ನಾವು ಯಾಕೆ ನಂಬುತ್ತೇವೆ? ಅದರ ಹಿಂದೆ ಒಂದು ಊರಿನ ಋಣ ಇದೆ. ದನ ವಾಪಸ್ ಬಂದಿವೆ, ತಂದವನು ಬಂದಿಲ್ಲ. ಅವನಿಗೆ ಏನಾದರೂ ಒಳ್ಳೆಯದಾಗಿರಬೇಕು ಅಂತ ಊರಿಗೆ ಅನ್ನಿಸಿದೆ. ಇವತ್ತೂ ಎಷ್ಟೋ ಕಡೆ ಬದುವಿನ ಮೇಲಿನ ವೀರಗಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ದೇವರೆಂದೇ ಪೂಜೆ ಮಾಡುತ್ತಾರೆ. ಹೆಸರು ಮರೆತಿದ್ದಾರೆ, ಋಣ ಮರೆತಿಲ್ಲ.

ದ್ರೌಪದಿಯ ಹೆಸರಿನಲ್ಲಿ ನಡೆಯುವ ಕರಗದ ಹಬ್ಬವನ್ನೂ ನೋಡಿ. ವ್ಯಾಸರ ಭಾರತದಲ್ಲಿ ಸ್ವರ್ಗಕ್ಕೆ ಹೊರಟ ದಾರಿಯಲ್ಲಿ ಮೊದಲು ಬೀಳುವವಳೇ ದ್ರೌಪದಿ. ಧರ್ಮರಾಯ ತಿರುಗಿಯೂ ನೋಡದೆ ನಡೆಯುತ್ತಾನೆ. ಬೆಂಗಳೂರು, ಕೋಲಾರ, ಮಾಲೂರಿನ ಕಡೆ ಕರಗ ಹೊರುವವರ ಕತೆ ಅಲ್ಲಿ ನಿಲ್ಲುವುದಿಲ್ಲ. ಬಿದ್ದ ಅವಳೇ ಎದ್ದು ರಾಕ್ಷಸನ ವಿರುದ್ಧ ಹೋರಾಡಲು ವೀರಕುಮಾರರನ್ನು ಹುಟ್ಟಿಸುತ್ತಾಳೆ. ಹೋಗಬೇಡಮ್ಮ ಅಂತ ಅವರು ಕೇಳಿಕೊಂಡಾಗ, ವರ್ಷಕ್ಕೊಮ್ಮೆ ಬರುತ್ತೇನೆ ಎಂದು ಮಾತು ಕೊಡುತ್ತಾಳೆ. ಮಕ್ಕಳಿಗೆ ತಾಯಿ ಬೇಕಿತ್ತು, ಸ್ವರ್ಗಾರೋಹಣದ ಕತೆಯೇ ತಿರುಗಿತು.

ಹಾಗಂತ ಸ್ವರ್ಗವನ್ನು ಉದ್ದಕ್ಕೆ ವರ್ಣಿಸಲೇಬಾರದು ಅಂತಲ್ಲ. 941ರಲ್ಲಿ ಮುಗಿದ ‘ಆದಿಪುರಾಣ’ದಲ್ಲಿ ಪಂಪ, ಆದಿನಾಥನ ಹಿಂದಿನ ಜನ್ಮಗಳಲ್ಲೊಂದಾದ ಲಲಿತಾಂಗದೇವನ ದೇವಲೋಕದ ಭೋಗವನ್ನು ಧಾರಾಳವಾಗಿಯೇ ಬರೆಯುತ್ತಾನೆ. ಆದರೆ ಆ ಲೋಕಕ್ಕೊಂದು ನಿಯಮ ಇದೆ. ಅಲ್ಲಿಯ ದೇವರಿಗೂ ಆಯುಸ್ಸು ಮುಗಿಯುತ್ತದೆ. ಇನ್ನು ಆರು ತಿಂಗಳಿದೆ ಅನ್ನುವಾಗ ಕೊರಳಿನ ಹೂಮಾಲೆ ಬಾಡುತ್ತದೆ. ಅದುವರೆಗಿನ ವೈಭವವೆಲ್ಲ ಆ ಒಂದು ಮಾಲೆ ಬಾಡಿದ ಕೂಡಲೇ ಬೇರೆ ಥರ ಕಾಣುತ್ತದೆ. ನಿಮ್ಮ ಸ್ವರ್ಗದಲ್ಲಿ ಏನೂ ಬಾಡುವುದಿಲ್ಲ, ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ನನಗೆ ನಿದ್ದೆ ಬಂತು.

ಈಗ ಒಂದು ಸಿಟ್ಟಿನ ಮಾತು. ಕತೆಯಲ್ಲಿ ನೀವೇ ಬರೆದಿದ್ದೀರಿ: ದೊಡ್ಡಪ್ಪನನ್ನು ಹೊಲದಲ್ಲೇ ಮಣ್ಣು ಮಾಡಿದರು, ಮೂರನೇ ದಿನ ಹಾಲು-ತುಪ್ಪ ಬಿಟ್ಟರು. ಪಿಂಡ, ಗೋದಾನ, ಗರುಡಪುರಾಣ ಯಾವುದೂ ಆ ಮನೆಯಲ್ಲಿ ನಡೆಯುವುದಿಲ್ಲ. ಹಾಗಾದರೆ ಅವನು ವೈತರಣಿಗೆ ಯಾವ ದಾರಿಯಲ್ಲಿ ಬಂದ? ಎಲ್ಲರಿಗೂ ಒಂದೇ ಪರಲೋಕ ಅಂತ ಯಾರು ಹೇಳಿದರು ನಿಮಗೆ? ಗರುಡಪುರಾಣವನ್ನೇ ಬಳಸುವುದಾದರೆ ಸರಿಯಾಗಿ ಓದಿ ಬಳಸಿ. ಅದರಲ್ಲಿ ಮಗ ಹತ್ತು ದಿನ ಇಡುವ ಪಿಂಡದಿಂದ ಸತ್ತವನಿಗೆ ಹೊಸ ದೇಹ ಬೆಳೆಯುತ್ತದೆ. ಮೊದಲ ದಿನ ತಲೆ. ಹತ್ತನೇ ದಿನ ಹಸಿವು, ಬಾಯಾರಿಕೆ. ಎಂಥ ಕಲ್ಪನೆ ನೋಡಿ! ಇಲ್ಲಿ ಒಬ್ಬ ಅನ್ನ ಉಂಡೆ ಕಟ್ಟಿದರೆ ಅಲ್ಲಿ ಒಬ್ಬನಿಗೆ ಭುಜ ಮೂಡುತ್ತದೆ. ನೀವು ಅದನ್ನು ಬಿಟ್ಟು, ಕುದಿಯುವ ಎಣ್ಣೆ ಕೊಪ್ಪರಿಗೆ ಮಾತ್ರ ತಂದಿದ್ದೀರಿ.

ಕೋಲಾರಮ್ಮನ ವಿಷಯ. ನೀವು ಅವಳನ್ನು ‘ಕೋಟಿ ಸೂರ್ಯರ ಪ್ರಭೆ, ಗುಲಾಬಿ ಕೆನ್ನೆ, ರೇಷ್ಮೆ ಸೀರೆ’ ಎಂದು ಬರೆದಿದ್ದೀರಿ. ಇದು ಕ್ಯಾಲೆಂಡರ್ ದೇವಿ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಹಾಕಿದ ಮೇಲೆ ಇಂಥ ಮುಖ ಮನೆಮನೆಗೂ ಬಂತು. ಅದರ ಮೇಲೆ ನನಗೇನೂ ಕೋಪ ಇಲ್ಲ. ಲಕ್ಷ್ಮಿಯ ಪಾದದ ಕೆಳಗೆ ಹಾಲಿನ ಲೆಕ್ಕ ಗುರುತು ಹಾಕುವ ಮನೆಗಳ ಬಗ್ಗೆ ಯಾರಾದರೂ ಕತೆ ಬರೆದರೆ ಖಂಡಿತ ಓದುತ್ತೇನೆ. ಆದರೆ ಕೋಲಾರದವರಾಗಿ ನೀವು ಹೀಗೆ ಬರೆಯಬಹುದೇ? ಆ ಗುಡಿಯಲ್ಲಿ ಭಕ್ತರು ಅಮ್ಮನನ್ನು ಕನ್ನಡಿಯಲ್ಲಿ ನೋಡುತ್ತಾರೆ. ಉಗ್ರ ರೂಪದವಳು, ನೇರ ನೋಟ ತಡೆಯಲಾಗದು ಅನ್ನುವ ನಂಬಿಕೆ. ದೇವರನ್ನು ಹೇಗೆ ತೋರಿಸಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅದೇ ಗುಡಿಯಲ್ಲಿ ಚೇಳಮ್ಮನೂ ಇದ್ದಾಳೆ. ಚೇಳಿಗೆ ಹೆದರುವ ಹೊಲದವರು ಅವಳಿಗೆ ಕೈಮುಗಿಯುತ್ತಾರೆ. ರಾತ್ರಿ ಮೋಟರ್ ಹಾಕಲು ಬರಿಗಾಲಲ್ಲಿ ಹೋಗುವ ಮನುಷ್ಯನಿಗೆ ಹತ್ತಿರದ ದೇವರು ಯಾರು, ನೀವೇ ಹೇಳಿ.

ಅಮ್ಮನ ಬಾಯಲ್ಲಿ ಕೊನೆಗೆ ಬಸವಣ್ಣನವರ ‘ಆಚಾರವೇ ಸ್ವರ್ಗ, ಅನಾಚಾರವೇ ನರಕ’ ಹಾಕಿದ್ದೀರಿ. ದೇವಲೋಕ ಮರ್ತ್ಯಲೋಕ ಬೇರೆ ಇಲ್ಲ ಅಂತ ಶುರುವಾಗುವ ವಚನ ಅದು. ಒಂಬತ್ತು ಪುಟ ಬೇರೆ ಲೋಕ ತೋರಿಸಿ, ಅಲ್ಲಿನ ದೇವತೆಯಿಂದಲೇ ಈ ಮಾತು ಹೇಳಿಸಿದರೆ ನಿಮ್ಮ ಕತೆಯನ್ನು ನೀವೇ ಹೊಡೆದುಹಾಕಿದ ಹಾಗೆ ಅಲ್ವಾ?

ಇಷ್ಟೆಲ್ಲ ಬೈದ ಮೇಲೆ, ಉತ್ತರ ಬರೆಯಲು ಯಾಕೆ ಕೂತೆ ಅಂತ ಹೇಳಬೇಕು. ಹನ್ನೊಂದು ಪುಟದಲ್ಲಿ ಒಂದು ವಾಕ್ಯ ಇದೆ. ಸಮಾಧಿಯ ಹತ್ತಿರ ಎಡೆ ಇಡುವಾಗ ಮಗಳಿಗೆ ಬೀಡಿ ಮರೆತದ್ದು ನೆನಪಾಗಿ ಮತ್ತೆ ಅಂಗಡಿಗೆ ಓಡುತ್ತಾಳೆ. ಬದುಕಿದ್ದಾಗ ಅದೇ ಬೀಡಿಗಾಗಿ ಅಪ್ಪನ ಜೊತೆ ಜಗಳವಾಡಿದವಳು ಅವಳು. ಇಷ್ಟು ಬರೆದು, ತಕ್ಷಣ ಯಮದೂತರನ್ನು ಕರೆದುಬಿಟ್ಟಿರಿ.

ಕತೆ ಅಲ್ಲಿದೆ. ಸತ್ತವನಿಗೆ ಹಸಿವಾಗುತ್ತದೆ, ಬೀಡಿ ಚಟವೂ ಹೋಗಿರುವುದಿಲ್ಲ, ಅವನು ತುಂಬ ದೂರ ಏನೂ ಹೋಗಿಲ್ಲ. ಆ ಹುಡುಗಿ ನಂಬಿರುವ ಪರಲೋಕ ಇದು. ಅದರಲ್ಲಿ ಮೋಡಕ್ಕೆ ಜಾಗ ಇಲ್ಲ. ಮಹಾಲಯ ಅಮಾವಾಸ್ಯೆ ಬಂದಾಗ ಅವಳು ಮತ್ತೆ ಎಡೆ ಇಡಬೇಕು. ಕಾಗೆ ಮುಟ್ಟುತ್ತದೋ ಇಲ್ಲವೋ ಅಂತ ಎಲ್ಲರೂ ದೂರ ನಿಂತು ಕಾಯಬೇಕು. ಆ ಕಾಯುವಿಕೆಯಲ್ಲಿ ನಿಮ್ಮ ಯಮ, ಚಿತ್ರಗುಪ್ತ, ತೀರ್ಪು ಎಲ್ಲ ಇದೆ.

ಕೊಳೆತ ಹಣ್ಣಿನ ಪಾಪವನ್ನು ಬಿಡಬೇಡಿ, ಅದು ಒಳ್ಳೆಯ ಹೊಳಹು. ಚಿತ್ರಗುಪ್ತನ ಕೈಯಿಂದ ಕಿತ್ತು ಮಗಳ ಕೈಗೆ ಕೊಡಿ. ಅಪ್ಪ ಹೋದ ಮೇಲೆ ತೋಟ ನೋಡುವವಳು ಅವಳೇ. ಮುಂದಿನ ಕೊಯ್ಲಿನಲ್ಲಿ ಬಾಕ್ಸ್ ತುಂಬುವವಳೂ ಅವಳೇ. ತಳಕ್ಕೆ ಏನು ಹಾಕುತ್ತಾಳೆ? ರೇಟು ಬಿದ್ದಿರುತ್ತದೆ, ಸಾಲ ಹಾಗೇ ಇರುತ್ತದೆ. ಅವಳು ಒಳ್ಳೇ ಹಣ್ಣನ್ನೇ ಹಾಕಬೇಕೆಂದು ನಾನು ಹೇಳುವುದಿಲ್ಲ. ಅಪ್ಪನ ಹಾಗೇ ಮಾಡಿದರೂ ಕತೆ ನಿಲ್ಲುತ್ತದೆ, ಬಹುಶಃ ಇನ್ನೂ ಗಟ್ಟಿಯಾಗಿ.

ತಿದ್ದಿದ ಮೇಲೆ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಈ ಸಲದ ಫೈಲಿನಲ್ಲಿ ಒತ್ತಕ್ಷರಗಳೆಲ್ಲ ಒಡೆದುಹೋಗಿದ್ದವು. ಕೆಲವು ಸಾಲು ಓದಲು ಚಿತ್ರಗುಪ್ತನೇ ಬರಬೇಕಿತ್ತು.

ಇತಿ,
ಸಂಪಾದಕ