ಈಜು ಬರದವರು ಇಂಗ್ಲೆಂಡಿನಲ್ಲಿ ನ್ಯಾರೋಬೋಟ್ ಓಡಿಸಬಹುದಾ?

ಬೇಸಿಗೆಯಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಾರೆ, ಬ್ರಾಡ್‌ಫರ್ಡ್ ಆನ್ ಏವನ್‌ನಲ್ಲಿ ಒಂದು ವಾರಕ್ಕೆ ನ್ಯಾರೋಬೋಟ್ (ಕಾಲುವೆಗೆ ಅಂತಲೇ ಮಾಡಿದ ಕಿರಿದಾದ ಉದ್ದ ದೋಣಿ) ಬಾಡಿಗೆಗೆ ತಗೊಂಡು ಬಾತ್ ಊರು ದಾಟಿ ಬ್ರಿಸ್ಟಲ್ ತನಕ ಹೋಗೋ ಆಸೆ, ಆದರೆ ಯಾರಿಗೂ ಈಜು ಬರಲ್ಲ ಅಂತ ಬರೆದಿದ್ದೀರಿ. ಬಾತ್ ತನಕ ಧೈರ್ಯವಾಗಿ ಹೋಗಿ. ಅಲ್ಲಿಂದ ಮುಂದಕ್ಕೆ ಮೊದಲ ಸಲವೇ ಬೇಡ. ಯಾಕೆ ಅಂತ ಹೇಳುತ್ತೇನೆ.

ನಾನು ಮಂಡ್ಯ ಕಡೆಯವನು. ನಮಗೆ ನಾಲೆ ಅಂದರೆ ಓಡುವ ನೀರು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಏರಿ ಮೇಲೆ ನಿಲ್ಲೋಕೂ ಅಜ್ಜಿ ಬಿಡುತ್ತಿರಲಿಲ್ಲ. ಅದೇ ಹೆದರಿಕೆ ಇಟ್ಟುಕೊಂಡು ನೀವು ಹೋಗಬೇಕಾದ ಕೆನೆಟ್ ಅಂಡ್ ಏವನ್ ಕಾಲುವೆಗೆ ಹೋದೆ. ನೋಡಿದರೆ ನೀರು ಕೆರೆ ಥರ ನಿಂತಿದೆ! ಇದು ಗದ್ದೆಗೆ ಹಾಯಿಸೋಕೆ ತೋಡಿದ್ದಲ್ಲ, ಸರಕಿನ ದೋಣಿಗಳಿಗೆ ಅಂತ ತೋಡಿದ್ದು. 1810ರಲ್ಲಿ ಮುಗಿಯಿತು. ಇಳಿಜಾರು ಬಂದ ಕಡೆ ನೀರನ್ನು ಹರಿಯೋಕೆ ಬಿಡದೆ, ಲಾಕ್ ಕಟ್ಟಿ ಮೆಟ್ಟಿಲು ಮಾಡಿದ್ದಾರೆ. ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ತೊಟ್ಟಿ, ದೋಣಿ ಒಳಗೆ ಬಂದಮೇಲೆ ತೂಬು ತೆರೆದು ನೀರು ಏರಿಸಿಯೋ ಇಳಿಸಿಯೋ ಮುಂದಿನ ಮಟ್ಟಕ್ಕೆ ತರುತ್ತಾರೆ. ಕಾಲುವೆಯ ಆಳ ಸುಮಾರು 4 ಅಡಿ. ಬಿದ್ದರೂ ಬಹಳ ಕಡೆ ಎದ್ದು ನಿಲ್ಲಬಹುದು. ಹಾಗಂತ ಲೈಫ್ ಜಾಕೆಟ್ ಬಿಡಬೇಡಿ. ಯಾರಾದರೂ ಬಿದ್ದರೆ ಮೊದಲು ಎಂಜಿನ್ ನ್ಯೂಟ್ರಲ್‌ಗೆ ಹಾಕಿ, ಹಿಂದೆ ಪ್ರೊಪೆಲ್ಲರ್ ತಿರುಗುತ್ತಿರುತ್ತೆ.

ಓಡಿಸೋಕೆ ಲೈಸೆನ್ಸ್ ಬೇಕಿಲ್ಲ, ಹೊರಡುವ ಮುಂಚೆ ದೋಣಿ ಬಾಡಿಗೆಗೆ ಕೊಡುವವರೇ ಹೇಳಿಕೊಡುತ್ತಾರೆ. ಅಗಲ 7 ಅಡಿಗಿಂತ ಕಮ್ಮಿ, ಉದ್ದ ಮಾತ್ರ 60 ಅಡಿ ಇದ್ದರೂ ಇರಬಹುದು. ಟಿಲ್ಲರ್ (ಚುಕ್ಕಾಣಿ ತಿರುಗಿಸುವ ಹಿಡಿ) ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತೆ. ಅರ್ಧ ದಿನದಲ್ಲಿ ಕೈಗೆ ಹತ್ತುತ್ತೆ. ವೇಗದ ಮಿತಿ ಗಂಟೆಗೆ 4 ಮೈಲಿ, ದಡದಲ್ಲಿ ನಡೆಯುವವರು ಆರಾಮಾಗಿ ನಿಮ್ಮ ಜೊತೆಗೇ ಬರಬಹುದು. ಎದುರು ದೋಣಿ ಬಂದರೆ ಬಲಕ್ಕೆ ಸರಿಯಿರಿ. ಒಳಗೆ ಗ್ಯಾಸ್ ಒಲೆ, ಫ್ರಿಜ್, ಸ್ನಾನದ ಮನೆ ಎಲ್ಲ ಇರುತ್ತೆ. ಕುಕ್ಕರ್ ಮಾತ್ರ ಮನೆಯಿಂದ ತಗೊಂಡು ಹೋಗಿ.

ನಿಜವಾಗಿ ಎಚ್ಚರ ಬೇಕಾಗಿರೋದು ಲಾಕ್‌ನಲ್ಲಿ, ಅದರಲ್ಲೂ ಇಳಿಯುವಾಗ. ಮೇಲಿನ ಬಾಗಿಲಿನ ಕೆಳಗೆ, ನೀರಿನೊಳಗೆ, ಒಂದು ದಪ್ಪ ಹೊಸ್ತಿಲು ಇರುತ್ತೆ. ಅದಕ್ಕೆ ಸಿಲ್ ಅನ್ನುತ್ತಾರೆ. ಅದು ಎಲ್ಲಿಯ ತನಕ ಚಾಚಿದೆ ಅಂತ ಪಕ್ಕದ ಗೋಡೆ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ಬ್ರಾಡ್‌ಫರ್ಡ್ ಲಾಕ್‌ನಲ್ಲಿ ನಾನು ಮುಂದಿನ ಬಾಗಿಲಿಗೆ ಮೂತಿ ತಾಗದಿರಲಿ ಅಂತ ಅದನ್ನೇ ನೋಡುತ್ತಿದ್ದೆ. ನೀರು ಇಳಿಯುತ್ತಿತ್ತು. ದೋಣಿ ಮೆಲ್ಲಗೆ ಹಿಂದೆ ಸರಿದದ್ದು ಗೊತ್ತೇ ಆಗಲಿಲ್ಲ. ಮೇಲೆ ವಿಂಡ್ಲಾಸ್ (ತೂಬು ತೆರೆದು ಮುಚ್ಚುವ ಹಿಡಿಕೆ) ಹಿಡಿದು ನಿಂತಿದ್ದ ನನ್ನ ಹೆಂಡತಿ "ರೀ, ಹಿಂದೆ!" ಅಂತ ಕೂಗಿ ತೂಬು ಮುಚ್ಚಿಬಿಟ್ಟಳು. ತಿರುಗಿ ನೋಡಿದರೆ ಬಿಳಿ ಗೆರೆಗೂ ನನ್ನ ಚುಕ್ಕಾಣಿಗೂ ಒಂದು ಗೇಣು. ದೋಣಿಯ ಹಿಂಭಾಗ ಆ ಹೊಸ್ತಿಲ ಮೇಲೆ ಕೂತುಬಿಟ್ಟರೆ ಮುಂಭಾಗ ಮಾತ್ರ ನೀರಿನ ಜೊತೆ ಇಳಿಯುತ್ತಾ ಹೋಗುತ್ತೆ, ದೋಣಿ ಓರೆಯಾಗಿ ಮುಳುಗುತ್ತೆ. ಅದಕ್ಕೇ ತೂಬಿನ ಹತ್ತಿರ ನಿಲ್ಲುವವರು ಫೋನ್ ಜೇಬಲ್ಲಿಟ್ಟು ದೋಣಿಯನ್ನೇ ನೋಡುತ್ತಿರಬೇಕು. ಟಿಲ್ಲರ್ ಹಿಡಿದವರಿಗಿಂತ ಅವರ ಕಣ್ಣೇ ಮುಖ್ಯ.

ಆ ಲಾಕ್ ಆದಮೇಲೆ ಬಾತ್ ತನಕ 9 ಮೈಲಿ ಇನ್ನೊಂದು ಲಾಕ್ ಇಲ್ಲ. ಅಪ್ಪ ಅಮ್ಮನ ಜೊತೆ ಇದಕ್ಕಿಂತ ಒಳ್ಳೆ ದಾರಿ ಸಿಗಲ್ಲ. ಎದುರು ದಿಕ್ಕಿನ ಡಿವೈಜಸ್ ಊರಿನ ಕಡೆ ಹೋಗಬೇಡಿ, ಅಲ್ಲಿ ಸಾಲಾಗಿ 29 ಲಾಕ್ ಇವೆ. ಹೋದವರ ತೋಳು ಬಿದ್ದುಹೋಗುತ್ತೆ.

ಬಾತ್‌ನಲ್ಲಿ 6 ಲಾಕ್ ಇಳಿದರೆ ಏವನ್ ನದಿ. ಅಲ್ಲಿಂದ ಬ್ರಿಸ್ಟಲ್ ತನಕ ನದಿಯಲ್ಲೇ ಹೋಗಬೇಕು. ಇದು ನಮ್ಮ ನಾಲೆ ಥರ, ಓಡುವ ನೀರು. ಕೊನೆಯ ಲಾಕ್ ದಾಟಿದ ತಕ್ಷಣ ಟಿಲ್ಲರ್ ಹಿಡಿದ ಕೈಗೇ ಗೊತ್ತಾಗುತ್ತೆ, ನೀರು ದೋಣಿಯನ್ನು ಎಳೆಯುತ್ತಿರುತ್ತೆ. ಪ್ರತಿ ಲಾಕ್ ಪಕ್ಕದಲ್ಲೂ ನೀರು ಧುಮುಕುವ ಒಡ್ಡು ಇದೆ. ಎಂಜಿನ್ ನಿಂತರೆ ದೋಣಿ ಆ ಕಡೆಗೇ ಹೋಗುತ್ತೆ, ಅದಕ್ಕೆ ಲಂಗರು ಬೇಕೇ ಬೇಕು. ಮಳೆ ಬಂದರೆ ನದಿ ಬೇಗ ಏರುತ್ತೆ. ಲಾಕ್ ಹತ್ತಿರದ ಮಟ್ಟದ ಹಲಗೆಯಲ್ಲಿ ನೀರು ಕೆಂಪು ಪಟ್ಟಿಗೆ ಬಂದಿದ್ದರೆ ಇದ್ದಲ್ಲೇ ಇರಬೇಕು. ನಾವು ಎರಡನೇ ಸಲ ಹೋದಾಗ ರಾತ್ರಿಯೆಲ್ಲಾ ಮಳೆ ಹೊಯ್ದಿತ್ತು. ಬೆಳಿಗ್ಗೆ ನೀರು ಹಳದಿ ಪಟ್ಟಿ ಮುಟ್ಟಿತ್ತು, ಏರುತ್ತಲೇ ಇತ್ತು. ಮಕ್ಕಳು ಅತ್ತರೂ ಸರಿ ಅಂತ ವಾಪಸ್ ಬಂದೆವು.

ನೀವು ಬಾತ್‌ನ ಮೇಲಿನ ಲಾಕ್‌ಗಿಂತ ಮುಂಚೆಯೇ ದೋಣಿ ಕಟ್ಟಿ, ಊರು ನಡೆದು ನೋಡಿ. ವಾಪಸ್ ಬರುವಾಗ ಡಂಡಸ್ ಮೇಲ್ಗಾಲುವೆ ಹತ್ತಿರ ಒಂದು ರಾತ್ರಿ ನಿಲ್ಲಿ. ಕಾಲುವೆಯ ಎಂಜಿನಿಯರ್ ಜಾನ್ ರೆನ್ನಿ ಅಲ್ಲಿ ಕಲ್ಲಿನ ಸೇತುವೆ ಕಟ್ಟಿ ಕಾಲುವೆಯನ್ನೇ ನದಿ ಮೇಲೆ ದಾಟಿಸಿದ್ದಾನೆ. ಬೆಳಿಗ್ಗೆ ಕಾಫಿ ಹಿಡಿದು ಅಪ್ಪ ಅಮ್ಮನನ್ನು ಅಂಚಿಗೆ ಕರೆದುಕೊಂಡು ಹೋಗಿ. ಕಾಲಬಳಿ ನಿಂತ ನೀರು, ಅದರ ಕೆಳಗೆ ಏವನ್ ಹರಿಯೋದು ಕಾಣುತ್ತೆ.